ಸೋತವರಿಗೂ ಒಂದು ಅಂಕ

ಮಕ್ಕಳೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ತಂಡ 22 ಪಂದ್ಯ ಆಡಿತು. ಗೆದ್ದದ್ದು 2, ಸಮವಾದದ್ದು 1. ಹಾಗಾದರೆ ಸೋತದ್ದೆಷ್ಟು?

ಹತ್ತೊಂಬತ್ತು! ಸರಿ. ಆ ತಂಡ ಯಾವುದು ಅಂತಲೂ ನಿಮ್ಮಲ್ಲಿ ಕೆಲವರು ಆಗಲೇ ಹೇಳಿಬಿಟ್ಟಿರಬೇಕು. ಹೌದು, ನಮ್ಮದೇ ಬೆಂಗಳೂರು ಬುಲ್ಸ್. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆದ ಪ್ರೊ ಕಬಡ್ಡಿ ಲೀಗಿನ ಹನ್ನೊಂದನೇ ಆವೃತ್ತಿಯಲ್ಲಿ ಹನ್ನೆರಡು ತಂಡಗಳಿದ್ದವು. ನಮ್ಮ ತಂಡ ಹನ್ನೆರಡನೆಯದಾಗಿ ನಿಂತಿತು. ಅಂದರೆ ಪಟ್ಟಿಯ ಕಟ್ಟಕಡೆ.

'ಸೋತ ತಂಡದ ಕತೆ ಯಾಕೆ ಬೇಕು, ಗೆದ್ದವರದ್ದು ಹೇಳಿ' ಎನ್ನಬಹುದು. ಆದರೆ ಒಂದು ಮಾತು ಯೋಚಿಸಿ. ಹನ್ನೆರಡು ತಂಡ ಆಡಿದರೆ ಕಪ್ ಎತ್ತುವುದು ಒಂದೇ. ಉಳಿದ ಹನ್ನೊಂದೂ ಸೋತೇ ಮನೆಗೆ ಹೋಗಬೇಕು. ನಮ್ಮ ಕಾಕನಕೋಟೆ ಕಾಡಂಚಿನ ಶಾಲೆಯಾಗಲಿ, ಹುಣಸೂರು ಪೇಟೆಯ ಶಾಲೆಯಾಗಲಿ, ಆಟಕ್ಕೆ ಹೋದ ಮಕ್ಕಳಲ್ಲಿ ಹೆಚ್ಚಿನವರು ಬರಿಗೈಲೇ ಬರುತ್ತಾರೆ. ಹಾಗಿದ್ದ ಮೇಲೆ ಸೋಲುವುದು ಹೇಗೆ ಎಂಬುದನ್ನೂ ಕಲಿಯಬೇಕಲ್ಲವೇ?

ನೀವು ಶಾಲೆಯಿಂದ ಹೋಬಳಿ ಮಟ್ಟಕ್ಕೆ ಹೋಗಿ ಆಡುತ್ತೀರಲ್ಲ, ಅಲ್ಲಿ ಸಾಮಾನ್ಯವಾಗಿ ಒಂದು ಪಂದ್ಯ ಸೋತರೆ ಆಟ ಮುಗಿಯಿತು. ಚೀಲ ಹೆಗಲಿಗೇರಿಸಿ, ಮೇಷ್ಟ್ರ ಹಿಂದೆ ಬಸ್ ಹತ್ತುವುದು. ಆದರೆ ಲೀಗ್ ಹಾಗಲ್ಲ. 2024ರಲ್ಲಿ ಪ್ರತಿ ತಂಡವೂ ಉಳಿದ ಹನ್ನೊಂದು ತಂಡಗಳ ಜೊತೆ ಎರಡೆರಡು ಸಲ ಆಡಬೇಕಿತ್ತು. ಹನ್ನೊಂದೆರಡಲ ಇಪ್ಪತ್ತೆರಡು. ಇಂದು ಸೋತರೂ ಎರಡು ಮೂರು ದಿನ ಬಿಟ್ಟು ಮತ್ತೆ ಅಂಕಣಕ್ಕಿಳಿಯಬೇಕು. ಅಂದೂ ಸೋತರೆ ಮತ್ತೊಂದು ದಿನ. ಹೀಗೆ ಹತ್ತೊಂಬತ್ತು ಸಲ ಸೋಲುವುದೆಂದರೆ, ಹತ್ತೊಂಬತ್ತು ರಾತ್ರಿ ತಲೆ ತಗ್ಗಿಸಿಕೊಂಡು ಹೋಗಿ ಮಲಗಿ, ಬೆಳಿಗ್ಗೆ ಎದ್ದು ಮತ್ತೆ ಅಭ್ಯಾಸಕ್ಕೆ ನಿಲ್ಲುವುದು.

ಬುಲ್ಸ್ ಮೊದಲಿನಿಂದಲೂ ಸೋಲುವ ತಂಡವೇನಲ್ಲ. 2015ರಲ್ಲಿ ಫೈನಲ್ ತಲುಪಿತ್ತು. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಕಪ್ ಗೆದ್ದಿತ್ತು. ಅಂದು ಪವನ್ ಸೆಹ್ರಾವತ್ ಎಂಬ ಹುಡುಗ ಒಬ್ಬನೇ 22 ಅಂಕ ತಂದಿದ್ದ. ಇಡೀ ತಂಡ ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು!

ಈಗ 2024ರ ಅಕ್ಟೋಬರ್ 18ಕ್ಕೆ ಬನ್ನಿ. ಹೈದರಾಬಾದಿನ ಗಚ್ಚಿಬೌಲಿ ಒಳಾಂಗಣ ಕ್ರೀಡಾಂಗಣ, ಆವೃತ್ತಿಯ ಮೊದಲ ಪಂದ್ಯ. ಬುಲ್ಸ್ ಎದುರಿಗೆ ತೆಲುಗು ಟೈಟನ್ಸ್. ಆ ತಂಡದ ನಾಯಕ ಯಾರು ಗೊತ್ತೇ? ಅದೇ ಪವನ್ ಸೆಹ್ರಾವತ್. ನಮಗೆ ಕಪ್ ಗೆದ್ದುಕೊಟ್ಟವನೇ ಅಂದು ಎದುರು ನಿಂತು ನಮ್ಮನ್ನು 37-29ರಿಂದ ಸೋಲಿಸಿದ. ಅಲ್ಲಿಂದ ಶುರುವಾದದ್ದು ಆ ವರ್ಷದ ಕಷ್ಟ.

ಆ ವರ್ಷ ಎಲ್ಲ ಪಂದ್ಯಗಳೂ ಹೈದರಾಬಾದ್, ನೊಯಿಡಾ, ಪುಣೆ ಈ ಮೂರೇ ಊರುಗಳಲ್ಲಿ ನಡೆದವು. ಬೆಂಗಳೂರಿನಲ್ಲಿ ಒಂದೂ ಇಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಜನ ಎದ್ದು ನಿಂತು ಕೂಗಿದರೆ ಆಟಗಾರನಿಗೆ ಬರುವ ಹುಮ್ಮಸ್ಸೇ ಬೇರೆ. ಸೋಲುತ್ತಿರುವ ತಂಡಕ್ಕೆ ಆ ಕೂಗು ಇನ್ನೂ ಹೆಚ್ಚು ಬೇಕು. ಅದು ಸಿಗಲಿಲ್ಲ. ಇದೇ ಕಾರಣವೇ ಎಂದರೆ ಅಲ್ಲ. ಬೇರೆ ತಂಡಗಳಲ್ಲೂ ಹಲವು ತಮ್ಮೂರು ಬಿಟ್ಟೇ ಆಡಿದವು. ಆ ಸಲ ಮೊದಲ ಬಾರಿಗೆ ಕಪ್ ಗೆದ್ದ ಹರಿಯಾಣ ಸ್ಟೀಲರ್ಸ್ ಕೂಡ ತನ್ನೂರಿನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ.

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆ ನಿಮ್ಮ ಅಜ್ಜಿಗೆ ಗೊತ್ತು, ಕೇಳಿ ನೋಡಿ. ಅದಕ್ಕೇ ನೆಲದ ಮಾತು ಬಿಟ್ಟು ಲೆಕ್ಕದ ಕಡೆ ಬರೋಣ.

ಆ ವರ್ಷದ ನಿಯಮ ಹೀಗಿತ್ತು. ಪಂದ್ಯ ಗೆದ್ದರೆ 5 ಅಂಕ. ಸಮವಾದರೆ 3. ಸೋತರೆ ಸೊನ್ನೆ. ಆದರೆ 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ, ಸೋತವರಿಗೂ ಒಂದು ಅಂಕ! ಬುಲ್ಸ್ ಕೊನೆಗೆ ಗಳಿಸಿದ್ದು ಒಟ್ಟು 19 ಅಂಕ. ಈಗ ಪೆನ್ಸಿಲ್ ತೆಗೆದುಕೊಳ್ಳಿ. ಎರಡು ಗೆಲುವಿಗೆ ಹತ್ತು, ಒಂದು ಸಮಕ್ಕೆ ಮೂರು, ಒಟ್ಟು ಹದಿಮೂರು. ಹತ್ತೊಂಬತ್ತರಲ್ಲಿ ಹದಿಮೂರು ಕಳೆದರೆ ಆರು. ಈ ಆರು ಅಂಕ ಎಲ್ಲಿಂದ ಬಂತು? ಆರು ಸೋಲುಗಳಿಂದ ಬಂತು. ಅಂದರೆ ಹತ್ತೊಂಬತ್ತು ಸೋಲಿನಲ್ಲಿ ಆರು ಪಂದ್ಯ ಕೈಗೆ ಬಂದಷ್ಟೇ ಬಂದು ಜಾರಿದವು. ಉಳಿದ ಹದಿಮೂರು ಹಾಗಲ್ಲ. ಅವುಗಳಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಅಂಕಗಳಿಂದ ಸೋತಿದ್ದರು.

ನೋಡಿದಿರಾ, 'ಬರೀ ಸೋತರು' ಎಂದರೆ ಏನೂ ತಿಳಿಯುವುದಿಲ್ಲ. 'ಆರು ಹತ್ತಿರದ ಸೋಲು, ಹದಿಮೂರು ದೂರದ ಸೋಲು' ಎಂದಾಗ ಕೆಲಸ ಶುರುವಾಗುತ್ತದೆ. ಹತ್ತಿರದ ಸೋಲಿಗೆ ಕೊನೆಯ ಐದು ನಿಮಿಷದ ಎಚ್ಚರ ಬೇಕಾಗಬಹುದು. ದೂರದ ಸೋಲಿಗೆ ತಂಡವನ್ನೇ ಬೇರೆ ರೀತಿ ಕಟ್ಟಬೇಕಾಗಬಹುದು. ಎರಡಕ್ಕೂ ಒಂದೇ ಮದ್ದಲ್ಲ. 'ಸೋಲೇ ಗೆಲುವಿನ ಸೋಪಾನ' ಅಂತ ಶಾಲೆ ಗೋಡೆ ಮೇಲೆ ಬರೆದಿರುತ್ತಾರೆ. ಆದರೆ ಸೋಪಾನ ಅಂದರೆ ಮೆಟ್ಟಿಲು, ಮೆಟ್ಟಿಲು ತಾನಾಗಿ ಆಗುವುದಿಲ್ಲ. ಯಾರೋ ಕುಳಿತು ಕಲ್ಲು ಕಡಿಯಬೇಕು.

ಸೋತವರಿಗೂ ಒಂದು ಅಂಕ ಎಂಬ ನಿಯಮ ನನಗೆ ತುಂಬಾ ಇಷ್ಟ. ಸರಿಯಾಗಿ ನೋಡಿದರೆ ಕಬಡ್ಡಿಯ ತುಂಬ ಇಂಥ ನಿಯಮಗಳೇ ಇವೆ. ತಾತಂದಿರು ಚಿಕ್ಕವರಿದ್ದಾಗ ಕೆಲವು ಊರುಗಳಲ್ಲಿ ಇದನ್ನೇ ಚೆಡುಗುಡು ಅನ್ನುತ್ತಿದ್ದರು. ಆಗ ಮಣ್ಣು, ಈಗ ಮ್ಯಾಟ್. ಆದರೆ ಆಟದ ಜೀವ ಒಂದೇ.

ಯಾವುದು ಆ ಜೀವ? ಔಟಾದವನು ಮತ್ತೆ ಒಳಗೆ ಬರುವುದು. ಕ್ರಿಕೆಟ್‌ನಲ್ಲಿ ಔಟಾದ ಬ್ಯಾಟರ್ ಪ್ಯಾಡ್ ಬಿಚ್ಚಿಡುತ್ತಾನೆ, ಆ ಇನಿಂಗ್ಸಿನಲ್ಲಿ ಅವನ ಆಟ ಮುಗಿಯಿತು. ಕಬಡ್ಡಿಯಲ್ಲಿ ಔಟಾದವನು ಪಕ್ಕದಲ್ಲಿ ಕೂತು ಕಾಯುತ್ತಾನೆ. ಅವನ ಗೆಳೆಯ ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಇವನಿಗೆ ಜೀವ ಬರುತ್ತದೆ. ಅದರಲ್ಲೂ ಸಾಲು ತಪ್ಪುವಂತಿಲ್ಲ. ಮೊದಲು ಹೊರಗೆ ಹೋದವನೇ ಮೊದಲು ಒಳಗೆ. ನನ್ನ ಜೀವ ನನ್ನ ಕೈಯಲ್ಲಿಲ್ಲ, ನನ್ನ ಗೆಳೆಯನ ಕೈಯಲ್ಲಿದೆ. ಎಂಥ ಆಟ ನೋಡಿ!

ಏಳೂ ಜನ ಔಟಾದರೆ? ಆಲೌಟ್. ಎದುರಾಳಿಗೆ ಎರಡು ಅಂಕ ಹೆಚ್ಚಿಗೆ ಸಿಗುತ್ತದೆ, ಸರಿ. ಆದರೆ ಅದಾದ ಕೂಡಲೇ ಏಳೂ ಜನ ಎದ್ದು ಅಂಕಣಕ್ಕೆ ಬರುತ್ತಾರೆ. ಪೂರ್ತಿ ಮುಳುಗಿದವರಿಗೆ ಪೂರ್ತಿ ತಂಡ ವಾಪಸ್. ಇನ್ನೊಂದು ನಿಯಮ, ಸೂಪರ್ ಟ್ಯಾಕಲ್. ಅಂಕಣದಲ್ಲಿ ಮೂವರೋ ಇಬ್ಬರೋ ಒಬ್ಬನೋ ಉಳಿದಿರುವಾಗ ರೇಡರನ್ನು ಹಿಡಿದರೆ ಒಂದು ಅಂಕದ ಬದಲು ಎರಡು. ಜನ ಕಡಿಮೆ ಇದ್ದವರ ಧೈರ್ಯಕ್ಕೆ ಬೆಲೆ ಹೆಚ್ಚು. ಇದನ್ನೆಲ್ಲ ಮಾಡಿದವರು ಬಿದ್ದವನನ್ನು ಮರೆತಿರಲಿಲ್ಲ ಅನಿಸುತ್ತದೆ.

ಆಟದ ನಿಯಮ ಮರೆಯದಿದ್ದರೂ ಆಟ ನೋಡುವ ನಾವು ಮರೆಯುತ್ತೇವೆ. ಅದಕ್ಕೊಂದು ಉದಾಹರಣೆ ಆ ವರ್ಷದ ನಮ್ಮ ನಾಯಕ, ಹರಿಯಾಣದ ಪರದೀಪ್ ನರ್ವಾಲ್.

ಪರದೀಪ್ ಪ್ರೊ ಕಬಡ್ಡಿಯಲ್ಲಿ ಮೊದಲು ಆಡಿದ್ದು 2015ರಲ್ಲಿ, ನಮ್ಮ ಬುಲ್ಸ್ ತಂಡಕ್ಕೇ. ಆಮೇಲೆ ಪಟ್ನಾ ಪೈರೇಟ್ಸ್ ಸೇರಿ ಸಾಲಾಗಿ ಮೂರು ಸಲ ಕಪ್ ಗೆದ್ದ. ಹಿಡಿಯಲು ಸುತ್ತುವರಿದವರ ಕೈಗಳ ಕೆಳಗೆ, ನೀರಿನಲ್ಲಿ ಮುಳುಗಿ ಏಳುವವನ ಹಾಗೆ, ಬಗ್ಗಿ ನುಸುಳಿ ಗೆರೆ ಮುಟ್ಟುತ್ತಿದ್ದ. ಅದಕ್ಕೇ ಅವನ ಆಟಕ್ಕೆ 'ಡುಬ್ಕಿ' ಎಂದೇ ಹೆಸರು. ಲೀಗಿನಲ್ಲಿ 1,800ಕ್ಕೂ ಹೆಚ್ಚು ರೇಡ್ ಅಂಕ ಗಳಿಸಿದ. ಅಲ್ಲಿಯವರೆಗೆ ಅಷ್ಟು ಗಳಿಸಿದವರು ಬೇರೊಬ್ಬರಿರಲಿಲ್ಲ.

ಹುಣಸೂರು, ಪಿರಿಯಾಪಟ್ಟಣದ ತಾತಂದಿರಿಗೆ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಗೊತ್ತು. ವರ್ಷವೆಲ್ಲ ದುಡಿದು, ಬೇಯಿಸಿ, ಬೇಲ್ ಕಟ್ಟಿ ತಂದದ್ದಕ್ಕೆ ಕಂಪನಿಯವರು ನೋಡಿ ಬೆಲೆ ಕಟ್ಟುತ್ತಾರೆ. ಒಂದು ದಿನ ಇದ್ದ ಬೆಲೆ ಇನ್ನೊಂದು ದಿನ ಇರುವುದಿಲ್ಲ. ಕೆಲವು ಬೇಲ್‌ಗಳನ್ನು ಯಾರೂ ಕೊಳ್ಳದೆ ವಾಪಸ್ ಮನೆಗೆ ತರಬೇಕಾಗುತ್ತದೆ. ಆ ಸಂಜೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ಕಬಡ್ಡಿ ಆಟಗಾರರಿಗೂ ಹರಾಜಿದೆ. 2021ರ ಹರಾಜಿನಲ್ಲಿ ಪರದೀಪ್‌ಗೆ ಉತ್ತರಪ್ರದೇಶದ ತಂಡ ಕೊಟ್ಟದ್ದು 1 ಕೋಟಿ 65 ಲಕ್ಷ ರೂಪಾಯಿ. ಆಗ ಅದೇ ದಾಖಲೆ. 2024ರಲ್ಲಿ ಬುಲ್ಸ್ ಅವನನ್ನು ಮತ್ತೆ ಕರೆತಂದದ್ದು 70 ಲಕ್ಷಕ್ಕೆ. ಆ ಸೋಲಿನ ವರ್ಷ ಕಳೆದು 2025ರ ಹರಾಜು ಬಂದಾಗ ಅವನ ಹೆಸರು ಕೂಗಿದರು. ಹನ್ನೆರಡು ತಂಡಗಳಲ್ಲಿ ಒಂದೂ ಕೈ ಎತ್ತಲಿಲ್ಲ. ಅದಾದ ಸ್ವಲ್ಪದರಲ್ಲೇ ಪರದೀಪ್ ಆಟಕ್ಕೆ ವಿದಾಯ ಹೇಳಿದ.

ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಹರಾಜಿನಲ್ಲಿ ಕೂಗುವುದು ಮುಂದಿನ ವರ್ಷದ ಆಟದ ಬೆಲೆಯನ್ನು. ಮನುಷ್ಯನ ಬೆಲೆಯನ್ನಲ್ಲ, ಹಿಂದೆ ಆಡಿದ ಆಟದ ಬೆಲೆಯನ್ನೂ ಅಲ್ಲ. ಯಾರೂ ಕೊಳ್ಳಲಿಲ್ಲ ಎಂದ ಮಾತ್ರಕ್ಕೆ ಆ 1,800 ಅಂಕ ಅಳಿಸಿಹೋಗುವುದಿಲ್ಲ. ಬೇಲ್ ವಾಪಸ್ ಬಂದ ಮಾತ್ರಕ್ಕೆ ತಾತ ಬೆಳಗಿನ ಜಾವ ಎದ್ದು ದುಡಿದದ್ದು ಸುಳ್ಳಾಗುವುದೇ?

ಆ ವರ್ಷದ ಕೊನೆಯ ದಿನಗಳ ಬಗ್ಗೆ ಇನ್ನೊಂದು ಮಾತು. ಮೊದಲ ಆರು ತಂಡಗಳಿಗೆ ಮಾತ್ರ ಮುಂದಿನ ಸುತ್ತು. ಪುಣೆಗೆ ಬರುವ ಹೊತ್ತಿಗೆ ಬುಲ್ಸ್‌ಗೆ ಅಂಥ ಆಸೆ ಉಳಿದಿರಲಿಲ್ಲ. ಆದರೂ ಪಂದ್ಯಗಳು ಉಳಿದಿದ್ದವು. ಆಸೆ ಮುಗಿದ ಮೇಲೂ ಆಟ ಉಳಿದಿರುವುದೇ ಲೀಗಿನ ಕಷ್ಟ.

ಆಗ ಸುಮ್ಮನೆ ಕೈ ಚೆಲ್ಲಿದರೆ ಏನಾಗುತ್ತದೆ? ಎದುರಾಳಿಗೆ ಸುಲಭವಾಗಿ ಐದು ಅಂಕ. ಅದರಿಂದ ಮೇಲೆ ಬರಲು ಹೋರಾಡುತ್ತಿರುವ ಮೂರನೆಯ ತಂಡಕ್ಕೆ ಅನ್ಯಾಯ. ಕಡೆಯ ಸ್ಥಾನದವರು ಪ್ರಾಮಾಣಿಕವಾಗಿ ಆಡಿದರೆ ಮಾತ್ರ ಮೊದಲ ಸ್ಥಾನಕ್ಕೂ ಬೆಲೆ. ನಿಮ್ಮ ತರಗತಿಯ ಓಟದಲ್ಲಿ ಕೊನೆಗೆ ಓಡುತ್ತಿರುವ ಹುಡುಗಿ ಮಧ್ಯದಲ್ಲೇ ನಿಲ್ಲದೆ ಗೆರೆ ದಾಟಿದರೆ ಚಪ್ಪಾಳೆ ತಟ್ಟುತ್ತೇವಲ್ಲ, ಅದು ಕನಿಕರಕ್ಕಲ್ಲ. ಓಟ ಪೂರ್ತಿಯಾದದ್ದು ಅವಳಿಂದ.

ಮುಂದೇನಾಯಿತು? ಮೊದಲ ಆವೃತ್ತಿಯಿಂದಲೂ ಬುಲ್ಸ್ ಜೊತೆಗಿದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಅವರ ಜಾಗಕ್ಕೆ ನಮ್ಮವರೇ ಆದ ಬಿ.ಸಿ. ರಮೇಶ್ ಬಂದರು. ಭಾರತ ತಂಡಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. 2019ರಲ್ಲಿ ಬಂಗಾಳದ ತಂಡಕ್ಕೆ, 2024ರ ಮಾರ್ಚ್‌ನಲ್ಲಿ ಪುಣೆಯ ತಂಡಕ್ಕೆ ಕೋಚ್ ಆಗಿ ಕಪ್ ಗೆಲ್ಲಿಸಿದವರು. ತಂಡದಲ್ಲಿ ಬಹಳಷ್ಟು ಹೊಸ ಹುಡುಗರು ಬಂದರು. ಅವರಲ್ಲೊಬ್ಬ ಇರಾನ್ ದೇಶದ ಅಲಿರೆಜಾ ಮಿರ್ಜಾಯನ್.

ಸಿನಿಮಾ ಆಗಿದ್ದರೆ ಮೊದಲ ದಿನವೇ ಗೆಲ್ಲುತ್ತಿದ್ದರು. ಆದರೆ 2025ರ ಆವೃತ್ತಿಯಲ್ಲಿ ಬುಲ್ಸ್ ಮೊದಲ ಮೂರು ಪಂದ್ಯಗಳನ್ನೂ ಸೋತಿತು! 'ಇನ್ನು ಇವರ ಹಣೆಬರಹ ಇಷ್ಟೇ' ಅಂತ ಎಷ್ಟು ಮನೆಗಳಲ್ಲಿ ಟಿ.ವಿ. ಆರಿಸಿದರೋ. ನಾಲ್ಕನೆಯದನ್ನು ಗೆದ್ದರು. ಆ ಸಲ ಆಡಿದ 18 ಪಂದ್ಯಗಳಲ್ಲಿ ಒಟ್ಟು 11 ಗೆದ್ದು ಪಟ್ಟಿಯಲ್ಲಿ ಮೂರನೆಯವರಾದರು, ಪ್ಲೇಆಫ್‌ಗೆ ಹೋದರು. ಹನ್ನೆರಡರಿಂದ ಮೂರಕ್ಕೆ! ಕಪ್ ಮಾತ್ರ ಸಿಗಲಿಲ್ಲ, ಅದು ದೆಹಲಿಗೆ ಹೋಯಿತು. ಇರಲಿ, ಅದೂ ಒಂದು ಪಾಠವೇ. ಎದ್ದು ನಿಂತದ್ದಕ್ಕೆಲ್ಲ ಬಹುಮಾನ ಸಿಕ್ಕೇ ಸಿಗುತ್ತದೆ ಅಂತಿಲ್ಲ.

ದೂರದ ಅಮೆರಿಕದಲ್ಲೂ ಹೀಗೆಯೇ ಒಂದು ಕತೆ ನಡೆಯಿತು. ಅಲ್ಲಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಒಂದು ತಂಡ ವರ್ಷಕ್ಕೆ 82 ಪಂದ್ಯ ಆಡಬೇಕು. ಕಾರು ತಯಾರಿಸುವ ಊರೆಂದು ಹೆಸರಾದ ಡೆಟ್ರಾಯಿಟ್‌ನ ತಂಡ ಪಿಸ್ಟನ್ಸ್, 2023ರಲ್ಲಿ ಸಾಲಾಗಿ 28 ಪಂದ್ಯ ಸೋತಿತು. ಒಂದಲ್ಲ ಎರಡಲ್ಲ, ಇಪ್ಪತ್ತೆಂಟು! ಅಕ್ಟೋಬರ್ ಕೊನೆಯಲ್ಲಿ ಶುರುವಾದ ಸೋಲು ನಿಂತದ್ದು ಡಿಸೆಂಬರ್ 30ರಂದು, ಟೊರಾಂಟೊ ತಂಡದ ಮೇಲೆ ಎರಡೇ ಅಂಕಗಳಿಂದ ಗೆದ್ದಾಗ. ಆ ವರ್ಷ ಒಟ್ಟು ಗೆದ್ದದ್ದು 14, ಸೋತದ್ದು 68. ಮರುವರ್ಷ? ಗೆದ್ದದ್ದು 44, ಸೋತದ್ದು 38. ಹದಿನಾಲ್ಕರ ಮೂರರಷ್ಟು ನಲವತ್ತೆರಡು, ಅದನ್ನೂ ದಾಟಿದರು.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಬುಲ್ಸ್ ಆಟಗಾರರಲ್ಲಿ ಬಹಳ ಮಂದಿಯನ್ನು ಬದಲಿಸಿತು. ಪಿಸ್ಟನ್ಸ್ ಕೋಚ್‌ನನ್ನು ಬದಲಿಸಿ, ಕೆಲವು ಅನುಭವಿಗಳನ್ನು ಸೇರಿಸಿಕೊಂಡರೂ, ಸೋತ ಹುಡುಗರಲ್ಲಿ ಮುಖ್ಯರಾದವರನ್ನು ಕೈಬಿಡಲಿಲ್ಲ. ನಾಯಕ ಕೇಡ್ ಕನಿಂಗ್‌ಹ್ಯಾಮ್ ಆ 28 ಸೋಲನ್ನೂ ಕಂಡವನು, ಮರುವರ್ಷದ ಗೆಲುವನ್ನೂ ಕಂಡವನು. ಏಳುವ ದಾರಿ ಒಂದೇ ಅಲ್ಲ. ಕೆ.ಆರ್. ನಗರದ ಕಡೆ ಭತ್ತ ಕೈಕೊಟ್ಟ ವರ್ಷ ಒಬ್ಬರು ಬಿತ್ತನೆ ತಳಿ ಬದಲಿಸುತ್ತಾರೆ. ಇನ್ನೊಬ್ಬರು ಅದೇ ತಳಿ ಇಟ್ಟುಕೊಂಡು ನೀರು ಗೊಬ್ಬರ ಸರಿಮಾಡುತ್ತಾರೆ. ಯಾವುದು ಸರಿ ಎಂಬುದು ಬೆಳೆ ಯಾಕೆ ಕೆಟ್ಟಿತು ಎಂದು ನೋಡಿದವರಿಗೇ ತಿಳಿಯುವುದು.

ಈಗ ಅಜ್ಜಿ ತಾತಂದಿರಿಗೆ ನಾಲ್ಕು ಮಾತು.

ಮೊಮ್ಮಗ ಆಟ ಮುಗಿಸಿ ಸಂಜೆ ಮನೆಗೆ ಬಂದಾಗ ನಾವು ಮೊದಲು ಕೇಳುವುದೇನು? 'ಏನ್ಲಾ ಮಗ, ಗೆದ್ರಾ?' ಅದು ಪ್ರೀತಿಯ ಮಾತೇ. ಆದರೆ ಸೋತು ಬಂದವನಿಗೆ ಆ ಪ್ರಶ್ನೆಗೆ ಒಂದೇ ಉತ್ತರ, ಅದನ್ನು ಹೇಳಿ ಅವನು ಒಳಗೆ ಹೋಗಿಬಿಡುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು ಕಾಲು ತೊಳೆಯಲು ನೀರು ಕೊಟ್ಟು, ತಿನ್ನಲು ಏನಾದರೂ ಕೊಟ್ಟು, 'ಯಾರ್ ಚೆನ್ನಾಗಾಡಿದ್ರು ಮಗ?' ಎಂದು ಕೇಳಿ ನೋಡಿ. ಎದುರಾಳಿಯ ಹೆಸರು ಹೇಳಿದರೂ ಹೇಳಲಿ, ಒಳ್ಳೆಯದೇ. ಆಮೇಲೆ ನಿಧಾನಕ್ಕೆ ಲೆಕ್ಕ ತಾನೇ ಹೊರಗೆ ಬರುತ್ತದೆ. ಹತ್ತಿರದ ಸೋಲೋ, ದೂರದ ಸೋಲೋ ಎಂದು.

ಎರಡು ತಪ್ಪು ಮಾತ್ರ ಬೇಡ. ಒಂದು, 'ಬಿಡು, ಆ ರೆಫ್ರಿ ಮೋಸ ಮಾಡ್ದ' ಎಂದು ನಾವೇ ನೆಲ ಡೊಂಕು ಮಾಡಿಕೊಡುವುದು. ಇನ್ನೊಂದು, 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬಂತೆ ಸೋತೇ ಇಲ್ಲ ಎಂದು ನಟಿಸಲು ಕಲಿಸುವುದು. ಮೀಸೆ ಮಣ್ಣಾಗಿದೆ. ಒರೆಸಿಕೊಂಡರಾಯಿತು.

ನಿಮಗೂ ಹಿಂದೆ ಇಂಥ ವರ್ಷಗಳಿದ್ದವಲ್ಲ? ಮಳೆ ಬಾರದ ವರ್ಷ, ಬೆಲೆ ಬಿದ್ದ ವರ್ಷ, ಎತ್ತು ಸತ್ತ ವರ್ಷ, ಪರೀಕ್ಷೆಯಲ್ಲಿ ಫೇಲಾದ ವರ್ಷ. ಗೆದ್ದ ಕತೆಗಳನ್ನು ಮೊಮ್ಮಕ್ಕಳಿಗೆ ಹತ್ತಾರು ಸಲ ಹೇಳಿರುತ್ತೀರಿ. ಈ ಕತೆಗಳನ್ನೂ ಒಮ್ಮೆ ಹೇಳಿ. ಆ ವರ್ಷ ಮನೆ ಹೇಗೆ ನಡೆಯಿತು, ಯಾರು ಕೈ ಹಿಡಿದರು, ಮುಂದಿನ ಮುಂಗಾರಿಗೆ ಬಿತ್ತನೆ ಬೀಜ ಎಲ್ಲಿಂದ ತಂದಿರಿ. ತಾತ ಕೂಡ ಸೋತಿದ್ದರು, ಆದರೂ ಇಲ್ಲೇ ನಮ್ಮ ಮುಂದೆ ಕೂತಿದ್ದಾರೆ ಎಂದು ಕಣ್ಣಾರೆ ಕಂಡರೆ, ಮಗುವಿಗೆ ಬೇರೆ ಉಪದೇಶವೇ ಬೇಡ.

ಮಕ್ಕಳೇ, ಈ ವಾರದ ಕೆಲಸ ಇಷ್ಟು. ನಿಮ್ಮ ಶಾಲೆಯ ತಂಡ ಇತ್ತೀಚೆಗೆ ಸೋತ ಒಂದು ಪಂದ್ಯ ನೆನಪು ಮಾಡಿಕೊಳ್ಳಿ. ಕಬಡ್ಡಿ, ಖೋ ಖೋ, ವಾಲಿಬಾಲ್ ಯಾವುದಾದರೂ ಸರಿ. ಪುಸ್ತಕದಲ್ಲಿ ಮೂರು ಸಾಲು ಬರೆಯಿರಿ. ಎಷ್ಟು ಅಂತರದಲ್ಲಿ ಸೋತಿರಿ? ಪಂದ್ಯ ಕೈತಪ್ಪಿದ್ದು ಯಾವ ಹೊತ್ತಿನಲ್ಲಿ? ಸೋಲುತ್ತಿದ್ದಾಗಲೂ ನಿಮ್ಮ ತಂಡದಲ್ಲಿ ಚೆನ್ನಾಗಿ ಆಡಿದವರು ಯಾರು? ಮೂರನೆಯ ಸಾಲಿನಲ್ಲಿ ಯಾರ ಹೆಸರು ಬರೆದಿರೋ, ನಾಳೆ ಶಾಲೆಯಲ್ಲಿ ಅವರಿಗೆ ಆ ಮಾತು ಹೇಳಿ. ಅವರು ಆ ದಿನದಿಂದ ಅದನ್ನು ಯಾರ ಬಾಯಿಂದಲೂ ಕೇಳಿರಲಿಕ್ಕಿಲ್ಲ.

ಆಮೇಲೆ ಮೈದಾನಕ್ಕೆ ಹೋಗಿ, ಗೆರೆ ಎಳೆಯಿರಿ. ಔಟಾದವರು ಸಾಲಾಗಿ ಕೂತಿರಲಿ. ಅವರಿಗೆ ಜೀವ ತರುವ ಕೆಲಸ ಒಳಗಿರುವವರದ್ದು.